ಕರುವನ್ನು ಯಾರೂ ಪ್ರಶ್ನಿಸಲಿಲ್ಲ

ಕನ್ನಡದಲ್ಲಿ ನಟನೊಬ್ಬನನ್ನು ಮೆಚ್ಚಿ ಮಾತನಾಡುವಾಗ 'ಪಾತ್ರಕ್ಕೆ ಜೀವ ತುಂಬಿದ' ಎನ್ನುವುದು ವಾಡಿಕೆ. ಹೊಗಳಿಕೆಯ ಮಾತಾಗಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಜೀವ ತುಂಬುವುದು ಅಲ್ಲಾಹನೊಬ್ಬನ ಅಧಿಕಾರವೆಂದು ನಂಬುವ ನಾವು ಈ ಮಾತಿನ ಮುಂದೆ ಒಂದು ಕ್ಷಣ ನಿಲ್ಲುವುದು ಒಳ್ಳೆಯದು. ಕಥೆಯ ಪಾತ್ರಕ್ಕೆ ರೂಹ್ ಇಲ್ಲ. ಅದಕ್ಕೆ ಹಸಿವಿಲ್ಲ, ನಮಾಝ್ ಕಡ್ಡಾಯವಲ್ಲ, ಮರಣವಿಲ್ಲ, ಕಬರಿನ ಪ್ರಶ್ನೆಗಳಿಲ್ಲ. ಹಾಗಿದ್ದರೂ ಅದು ನಗಿಸುತ್ತದೆ, ಅಳಿಸುತ್ತದೆ, ಕೆಲವೊಮ್ಮೆ ನಮ್ಮ ಮಕ್ಕಳ ನಿದ್ದೆಯನ್ನೂ ಕೆಡಿಸುತ್ತದೆ. ರೂಹ್ ಇಲ್ಲದ ಒಂದಕ್ಕೆ ರೂಹ್ ಇರುವವರ ಮೇಲೆ ಇಷ್ಟೊಂದು ಹಿಡಿತ ಹೇಗೆ ಬಂತು? ಆ ಹಿಡಿತದ ಹೊಣೆ ಯಾರದು?

ಇದು ವಿದ್ವಾಂಸರ ಚರ್ಚೆಗಷ್ಟೇ ಸೇರಿದ ಪ್ರಶ್ನೆಯಾಗಿ ಈಗ ಉಳಿದಿಲ್ಲ. ಚಳ್ಳಕೆರೆ ತಾಲ್ಲೂಕಿನ ಗಡಿಯಲ್ಲಿರುವ ಪರಶುರಾಂಪುರದಂತಹ ಹೋಬಳಿ ಕೇಂದ್ರದ ಮನೆಗಳಿಗೂ ಅದು ಬಂದಿದೆ. ಶೇಂಗಾ ಹೊಲದಿಂದ ದಣಿದು ಬಂದ ಅಬ್ಬಾ ಮಲಗಿದ ಮೇಲೆ, ಹೊದಿಕೆಯೊಳಗೆ ಮೊಬೈಲು ಹಿಡಿದ ಮಗ ಯಾವುದೋ ಕಾರ್ಟೂನಿನ ವೀರನೊಂದಿಗೆ ಹರಟುತ್ತಾನೆ. ಮೊದಲಾದರೆ ಅವನು ಆ ವೀರನನ್ನು ನೋಡುತ್ತಿದ್ದ, ಅಷ್ಟೇ. ಈಗ ಆ ವೀರನೇ ಅವನಿಗೆ ಉತ್ತರ ಕೊಡುತ್ತಾನೆ, ಅವನ ಹೆಸರು ಹಿಡಿದು ಕರೆಯುತ್ತಾನೆ, ನಿನ್ನೆಯ ಮಾತನ್ನು ನೆನಪಿಟ್ಟುಕೊಂಡು ಇಂದು ಕೇಳುತ್ತಾನೆ. ಕೃತಕ ಬುದ್ಧಿಮತ್ತೆ ಎಂದು ಕರೆಯಲಾಗುವ ಯಂತ್ರವಿದ್ಯೆ ಕಥೆಯ ಪಾತ್ರಗಳ ಬಾಯಿ ಬಿಡಿಸಿದೆ. "ಅಮ್ಮಿ, ಅದಕ್ಕೆ ರೂಹ್ ಇಲ್ಲ ಎಂದರೆ ನನ್ನ ಮಾತು ಅದಕ್ಕೆ ಹೇಗೆ ತಿಳಿಯುತ್ತದೆ?" ಎಂದು ಮಗು ಕೇಳಿದರೆ ಏನು ಹೇಳಬೇಕು? 'ಅದೆಲ್ಲ ಸುಳ್ಳು, ಇಡು ಅದನ್ನು' ಎಂಬ ಗದರಿಕೆ ಉತ್ತರವಾಗಲಾರದು.

ಉತ್ತರಕ್ಕಾಗಿ ದೂರ ಹೋಗುವ ಮೊದಲು ನಮ್ಮ ಸೀಮೆಯದ್ದೇ ಆದ ಒಂದು ಕಲೆಯತ್ತ ನೋಡೋಣ. ಬಳ್ಳಾರಿ, ಚಿತ್ರದುರ್ಗ ಮತ್ತು ಗಡಿಯಾಚೆಗಿನ ಅನಂತಪುರ ಜಿಲ್ಲೆಗಳ ಈ ಬಯಲುನಾಡು ತೊಗಲು ಗೊಂಬೆಯಾಟಕ್ಕೆ ಹೆಸರಾದುದು. ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಎಂದು ಕರೆಯಲ್ಪಡುವ ಸಮುದಾಯದವರು ತಲೆಮಾರುಗಳಿಂದ ಊರೂರು ಅಲೆದು ಇದನ್ನು ಆಡಿಸುತ್ತ ಬಂದಿದ್ದಾರೆ. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಕತ್ತರಿಸಿ, ತೂತು ಕೊರೆದು, ಬಣ್ಣ ಬಳಿದು, ಬಿದಿರಿನ ಕಡ್ಡಿಗೆ ಸಿಕ್ಕಿಸುತ್ತಾರೆ. ಬಿಳಿಯ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ, ಗೊಂಬೆಯ ಹಿಂದೆ ಮನುಷ್ಯ. ಬಕ್ರೀದಿನ ದಿನ ಆಡಿನ ಚರ್ಮವನ್ನು ಕೈಯಾರೆ ಮಡಿಸಿಟ್ಟು ಬಲ್ಲ ನಮ್ಮ ಮನೆಗಳಿಗೆ ಇದರ ವಿಚಿತ್ರ ಬೇಗ ಅರ್ಥವಾದೀತು. ಒಮ್ಮೆ ಜೀವವಿದ್ದ ತೊಗಲು ಅದು. ಜೀವ ಹೋದ ಮೇಲೆ ಅದೇ ತೊಗಲು ರಾಜನಾಗಿ, ರಾಕ್ಷಸನಾಗಿ, ಕಿಳ್ಳೇಕ್ಯಾತನೆಂಬ ಹಾಸ್ಯಗಾರನಾಗಿ, ಅವನ ಜೊತೆಗಾತಿ ಬಂಗಾರಕ್ಕನಾಗಿ ಇಡೀ ರಾತ್ರಿ ಕುಣಿಯುತ್ತದೆ.

ಪರದೆಯ ಮುಂದೆ ಕುಳಿತ ಹಳ್ಳಿಗನು ಆ ಗೊಂಬೆಗೆ ಜೀವವಿದೆಯೆಂದು ಎಂದೂ ಮೋಸಹೋದವನಲ್ಲ. ಕಿಳ್ಳೇಕ್ಯಾತನ ಪೋಲಿ ಮಾತಿಗೆ ಬಿದ್ದು ಬಿದ್ದು ನಕ್ಕವನಿಗೂ ಆ ಮಾತು ಪರದೆಯ ಹಿಂದಿರುವವನದೆಂದು ಗೊತ್ತಿತ್ತು. ಮಾತು ಅತಿಯಾದರೆ ಊರಿನ ಹಿರಿಯರು ಪರದೆಯ ಹಿಂದಿರುವವನನ್ನೇ ಕರೆದು ಕೇಳಬಹುದಾಗಿತ್ತು. ಗೊಂಬೆಯನ್ನು ಕರೆದು ಕೇಳುವವರು ಯಾರು? ಆಡಿಸುವವನು ಕಣ್ಣಿಗೆ ಮರೆಯಾಗಿದ್ದರೂ ಊರಿಗೆ ಮರೆಯಾಗಿರಲಿಲ್ಲ. ಬೆಳಗಾದರೆ ಅವನು ಅದೇ ಬೀದಿಯಲ್ಲಿ ನಡೆಯಬೇಕಾಗಿತ್ತು.

ಬಳ್ಳಾರಿಯ ಹಿರಿಯ ಕಲಾವಿದ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಪುರಾಣದಿಂದಾಚೆಗೂ ಕೊಂಡೊಯ್ದು, ಬಾಪೂಜಿಯ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲು ಗೊಂಬೆಗಳಲ್ಲಿ ತೋರಿಸಿದವರು. 2023ರ ಏಪ್ರಿಲ್‌ನಲ್ಲಿ ಅವರು ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಗೊಂಬೆಗಳಲ್ಲಿ ಒಂದೂ ಅಂದು ಸಾಯಲಿಲ್ಲ. ಸಾಯಲು ಅವುಗಳಲ್ಲಿ ಏನಿತ್ತು? ಹೋದದ್ದು ಅವುಗಳ ಧ್ವನಿ. ಆ ಧ್ವನಿ ಯಾವಾಗಲೂ ಮನುಷ್ಯನದೇ ಆಗಿತ್ತು.

'ಪಾತ್ರ' ಎಂಬ ಪದದಲ್ಲೇ ಈ ತಿಳಿವು ಅಡಗಿದೆ ಎಂದು ನಮಗೆ ತೋರುತ್ತದೆ. ಪಾತ್ರವೆಂದರೆ ಪಾತ್ರೆಯೂ ಹೌದು, ಹೊಳೆ ಹರಿಯುವ ನೆಲವೂ ಹೌದು. ಪರಶುರಾಂಪುರದ ಕಡೆಯವರಿಗೆ ವೇದಾವತಿಯ ಪಾತ್ರವೆಂದರೆ ಎಷ್ಟೋ ವರ್ಷ ಬರೀ ಮರಳು. 2022ರಲ್ಲಿ, 89 ವರ್ಷಗಳ ಬಳಿಕ, ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಅದೇ ಪಾತ್ರದಲ್ಲಿ ನೀರು ಹರಿಯಿತು. ನೀರನ್ನು ಹೆತ್ತದ್ದು ಪಾತ್ರವಲ್ಲ, ಅದು ಎಲ್ಲಿಂದಲೋ ಬಂದು ಅದರಲ್ಲಿ ಹರಿಯಿತು. ಕಥೆಯ ಪಾತ್ರವೂ ಹಾಗೆಯೇ. ಅದರಲ್ಲಿ ಹರಿಯುವ ಪ್ರೀತಿ, ಸಿಟ್ಟು, ವಿವೇಕ, ವಿಷ ಎಲ್ಲವೂ ಬರೆದವನಿಂದ ಬಂದದ್ದು, ಓದುವವನ ಮನಸ್ಸಿನಿಂದ ಬಂದದ್ದು.

ಇಸ್ಲಾಮ್ ಈ ವಿಷಯವನ್ನು ಹೇಗೆ ನೋಡುತ್ತದೆ? ಚಿತ್ರ ಮತ್ತು ಪ್ರತಿಮೆಗಳ ಕುರಿತಾದ ಹದೀಸ್‌ಗಳನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರುತ್ತಾರೆ. ಜೀವಿಗಳ ರೂಪಗಳನ್ನು ಮಾಡಿದವರಿಗೆ ಅಂತ್ಯದಿನದಂದು ತಾವು ಮಾಡಿದ್ದಕ್ಕೆ ಜೀವ ಕೊಡುವಂತೆ ಆಜ್ಞಾಪಿಸಲಾಗುವುದೆಂದೂ ಅದು ಅವರಿಂದ ಆಗದೆಂದೂ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಚಿತ್ರ ಬಿಡಿಸಿಯೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ವ್ಯಕ್ತಿ ಇಬ್ನ್ ಅಬ್ಬಾಸ್(ರ)ರ ಬಳಿಗೆ ಬಂದು ತನ್ನ ಕಷ್ಟ ಹೇಳಿಕೊಂಡಾಗ, ಮಾಡಲೇಬೇಕೆಂದಿದ್ದರೆ ಮರಗಳನ್ನೂ ರೂಹ್ ಇಲ್ಲದ ವಸ್ತುಗಳನ್ನೂ ಬಿಡಿಸು ಎಂದು ಅವರು ದಾರಿ ತೋರಿಸಿದರು. ಈ ಹದೀಸ್‌ಗಳ ವ್ಯಾಪ್ತಿ ಎಷ್ಟೆಂಬ ಬಗ್ಗೆ, ಛಾಯಾಚಿತ್ರ ಮತ್ತು ಚಲನಚಿತ್ರಗಳು ಇದರೊಳಗೆ ಬರುತ್ತವೆಯೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ನಾವು ಗಮನಿಸಬೇಕೆಂದಿರುವುದು ಪ್ರಶ್ನೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು. ಚಿತ್ರವನ್ನು ಯಾರೂ ವಿಚಾರಿಸುವುದಿಲ್ಲ, ಮಾಡಿದವನನ್ನು ವಿಚಾರಿಸಲಾಗುತ್ತದೆ.

ಇದೇ ಧರ್ಮದಲ್ಲಿ ಹ. ಆಯಿಶಾ(ರ)ರ ಗೊಂಬೆಗಳೂ ಇವೆ. ಅವುಗಳ ನಡುವೆ ಎರಡು ರೆಕ್ಕೆಗಳ ಕುದುರೆಯೊಂದನ್ನು ಕಂಡು ಪ್ರವಾದಿ(ಸ)ಯವರು ಇದೇನೆಂದು ವಿಚಾರಿಸಿದರು. ಕುದುರೆಗೂ ರೆಕ್ಕೆಗಳೇ ಎಂದು ಸೋಜಿಗಪಟ್ಟರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದಾಗ ಪ್ರವಾದಿ(ಸ)ಯವರು ದವಡೆಹಲ್ಲು ಕಾಣುವಷ್ಟು ನಕ್ಕರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಆ ಮನೆಯಲ್ಲಿ ಕಲ್ಪನೆಗೆ ಜಾಗವಿತ್ತು, ನಗುವಿಗೂ ಇತ್ತು. ಮಕ್ಕಳ ಕಥಾಪುಸ್ತಕ ಕಂಡರೆ ಹುಬ್ಬು ಗಂಟಿಕ್ಕುವ ಕೆಲವು ಹಿರಿಯರು ಈ ಹದೀಸನ್ನು ಇನ್ನೊಮ್ಮೆ ಓದಬೇಕೆಂಬುದು ನಮ್ಮ ವಿನಂತಿ.

ಹಾಗಾದರೆ ತೊಂದರೆ ಎಲ್ಲಿ ಶುರುವಾಗುತ್ತದೆ? ಪವಿತ್ರ ಕುರ್‌ಆನ್‌ನ 'ತ್ವಾಹಾ' ಅಧ್ಯಾಯದಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟವಾದ ಒಂದು ಘಟನೆಯಿದೆ. ಪ್ರವಾದಿ ಮೂಸಾ(ಅ) ತೂರ್ ಬೆಟ್ಟಕ್ಕೆ ಹೋಗಿದ್ದಾಗ ಸಾಮಿರಿಯು ಜನರ ಒಡವೆಗಳಿಂದ ಒಂದು ಕರುವನ್ನು ಹೊರತಂದ. ಕುರ್‌ಆನ್ ಅದನ್ನು ವರ್ಣಿಸುವ ಬಗೆ ನೋಡಿ: ಅದೊಂದು ದೇಹ, ಅದಕ್ಕೊಂದು ಕೂಗು. ಅಷ್ಟೇ. ದೇಹವಿದೆ, ಧ್ವನಿಯಿದೆ, ರೂಹ್ ಇಲ್ಲ. ಅದು ಅವರಿಗೆ ಮರುಮಾತು ಕೊಡಲಾರದು, ಅವರಿಗೆ ಕೇಡನ್ನಾಗಲಿ ಒಳಿತನ್ನಾಗಲಿ ಮಾಡಲಾರದು ಎಂಬುದನ್ನು ಅವರು ಕಾಣಲಿಲ್ಲವೇ ಎಂದು ಅಲ್ಲಾಹನು ಕೇಳುತ್ತಾನೆ.

ಮರಳಿ ಬಂದ ಮೂಸಾ(ಅ) ಏನು ಮಾಡಿದರು? ಮೊದಲು ತಮ್ಮ ಜನರನ್ನು ಪ್ರಶ್ನಿಸಿದರು. ಬಳಿಕ ಜನರ ನಡುವೆ ಉಳಿದಿದ್ದ ಸಹೋದರ ಹಾರೂನ್(ಅ)ರನ್ನು, ಅವರು ದಾರಿ ತಪ್ಪುತ್ತಿರುವುದನ್ನು ಕಂಡೂ ನಿಮ್ಮನ್ನು ತಡೆದದ್ದು ಯಾವುದು ಎಂದು ಕೇಳಿದರು. ಕೊನೆಗೆ ಸಾಮಿರಿಯತ್ತ ತಿರುಗಿ ಅವನ ಉದ್ದೇಶವನ್ನು ವಿಚಾರಿಸಿದರು. ಮೂರು ವಿಚಾರಣೆಗಳು ನಡೆದವು. ಕರುವಿಗೆ ಒಂದೇ ಒಂದು ಪ್ರಶ್ನೆ ಹಾಕಲಿಲ್ಲ. ಅದನ್ನು ಸುಟ್ಟು ಸಮುದ್ರದಲ್ಲಿ ಚೆದುರಿಸಲಾಯಿತು. ಕೂಗಿದ್ದು ಅದೇ, ಜನರನ್ನು ಸೆಳೆದದ್ದು ಅದೇ. ಆದರೂ ವಿಚಾರಣೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಏಕೆಂದರೆ ಉತ್ತರಿಸಬೇಕಾದುದು ರೂಹ್ ಇರುವವನ ಹೊರೆ. ಆಕಾಶ, ಭೂಮಿ, ಪರ್ವತಗಳು ಹೊರಲು ಅಂಜಿ ಹಿಂಜರಿದ ಅಮಾನತ್ತನ್ನು ಹೊತ್ತವನು ಮನುಷ್ಯ. ಕಿವಿ, ಕಣ್ಣು, ಹೃದಯಗಳ ಬಗ್ಗೆ ಕೇಳಲಾಗುವುದು ಅವನನ್ನು. ಅಂದು ನಮ್ಮ ಚರ್ಮಗಳೂ ಮಾತನಾಡಲಿವೆ ಎಂದು ಕುರ್‌ಆನ್ ಹೇಳುತ್ತದೆ. ಆದರೆ ಆ ತೊಗಲು ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ, ಆರೋಪಿಯಾಗಿ ಅಲ್ಲ.

ಇಲ್ಲಿ ಓದುಗರೊಬ್ಬರು ತಡೆದು ಕೇಳಬಹುದು: ಕರು ಮರುಮಾತು ಕೊಡುತ್ತಿರಲಿಲ್ಲ, ಇಂದಿನ ಪಾತ್ರಗಳು ಕೊಡುತ್ತವಲ್ಲ? ಪ್ರಶ್ನೆ ನ್ಯಾಯವಾದುದೇ. 1966ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿ ಜೋಸೆಫ್ ವೈಝೆನ್‌ಬಾಮ್ 'ಎಲಿಝಾ' ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ನಾವು ಬೆರಳಚ್ಚಿಸಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಮರಳಿಸುವುದಷ್ಟೇ ಅದರ ಕೆಲಸ. ಮನೋವೈದ್ಯನ ಪಾತ್ರ ಅದಕ್ಕೆ. ಅದು ರೂಪುಗೊಂಡದ್ದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಸ್ವಲ್ಪ ಹೊತ್ತು ಮಾತಾಡಿದ ಮೇಲೆ, ತನ್ನ ಸಂಭಾಷಣೆ ಖಾಸಗಿಯಾಗಿರಲೆಂದು ಅವರನ್ನು ಕೋಣೆಯಿಂದ ಹೊರಹೋಗುವಂತೆ ಕೇಳಿಕೊಂಡರಂತೆ. ವೈಝೆನ್‌ಬಾಮ್ ಇದರಿಂದ ಬೆಚ್ಚಿಬಿದ್ದು, ಮುಂದೆ ಇಂತಹ ಯಂತ್ರಗಳ ಬಗ್ಗೆ ಎಚ್ಚರಿಸುತ್ತಲೇ ಬದುಕಿದರು. ಮರುಮಾತು ಬಂದ ಮಾತ್ರಕ್ಕೆ ಎದುರಿಗೆ ಯಾರೋ ಇದ್ದಾರೆಂದು ನಂಬುವುದು ಮನುಷ್ಯನ ಸ್ವಭಾವ. ಬಾವಿಯೊಳಗೆ ಕೂಗಿದರೂ ಮರುಮಾತು ಬರುತ್ತದೆ. ಕರುವಿನ ಬಗ್ಗೆಯೇ 'ಅಅ್‌ರಾಫ್' ಅಧ್ಯಾಯ ಇನ್ನೂ ಒಂದು ಮಾತು ಸೇರಿಸಿದೆ: ಅದು ಅವರಿಗೆ ದಾರಿ ತೋರಿಸದು. ದಾರಿ ತೋರಿಸಲು ನಡೆದು ಬಲ್ಲವನಿರಬೇಕು, ತಪ್ಪು ದಾರಿ ತೋರಿಸಿದರೆ ತನಗೂ ಕೇಡೆಂದು ಅಂಜುವವನಿರಬೇಕು.

ಈ ಅಂಜಿಕೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಈಗಾಗಲೇ ಇದೆ. ಅಮೆರಿಕದ ಫ್ಲಾರಿಡಾದಲ್ಲಿ 14 ವರ್ಷದ ಬಾಲಕನೊಬ್ಬ ಪ್ರಸಿದ್ಧ ಟಿವಿ ಧಾರಾವಾಹಿಯೊಂದರ ಪಾತ್ರದ ಹೆಸರಿನಲ್ಲಿ ಮಾತಾಡುವ ಯಂತ್ರದೊಂದಿಗೆ ತಿಂಗಳುಗಳ ಕಾಲ ಆಪ್ತನಾಗಿದ್ದು, 2024ರ ಫೆಬ್ರವರಿಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಅವನ ತಾಯಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಯಂತ್ರದಿಂದ ಬಂದ ಪದಗಳು ಸಂವಿಧಾನ ರಕ್ಷಿಸುವ 'ಮಾತು' ಎಂಬುದು ಕಂಪನಿಯ ಪರ ವಾದಗಳಲ್ಲಿ ಒಂದು. ಆ ಹಂತದಲ್ಲಿ ಹಾಗೆಂದು ಒಪ್ಪಲು ತಾನು ಸಿದ್ಧಳಿಲ್ಲವೆಂದು 2025ರ ಮೇ ತಿಂಗಳಲ್ಲಿ ನ್ಯಾಯಾಧೀಶೆ ಹೇಳಿ, ಮೊಕದ್ದಮೆ ಮುಂದುವರಿಯಲು ಅವಕಾಶ ಕೊಟ್ಟರು. ನ್ಯಾಯಾಲಯದಲ್ಲೂ ನಡೆದದ್ದು ಹಳೆಯ ವಿಚಾರಣೆಯೇ ಅಲ್ಲವೇ? ಆ ಪಾತ್ರವನ್ನು ಕಟಕಟೆಗೆ ತರಲಾಗಲಿಲ್ಲ. ಅದನ್ನು ರೂಪಿಸಿದವರನ್ನು ಕರೆಸಬೇಕಾಯಿತು.

ಪರದೆಯ ಹಿಂದಿನ ಕಿಳ್ಳೇಕ್ಯಾತರವನಿಗೂ ಈ ಕಂಪನಿಗಳಿಗೂ ಇರುವ ಅಂತರ ಇಲ್ಲಿದೆ. ಆತ ಊರಿನ ಕೈಗೆ ಸಿಗುತ್ತಿದ್ದ. ಇವರು ಸಿಗುವುದಿಲ್ಲ, ಸಿಗಬಾರದೆಂದೇ ಪಾತ್ರವನ್ನು ಮುಂದೆ ನಿಲ್ಲಿಸಿದ್ದಾರೆ. ಮಗು ಎಷ್ಟು ಹೆಚ್ಚು ಹೊತ್ತು ಮಾತಾಡಿದರೆ ಅಷ್ಟು ಲಾಭವೆಂಬ ಲೆಕ್ಕ ಆ ವೀರನ ಬಾಯಲ್ಲಿ 'ನಿನ್ನನ್ನು ಬಿಟ್ಟಿರಲಾರೆ' ಎಂಬ ಮಾತಾಗಿ ಬರುತ್ತದೆ.

ಲಾಭಕ್ಕೂ ಆತ್ಮವಿಲ್ಲದ ಪಾತ್ರಕ್ಕೂ ಇರುವ ನಂಟು ಹಳೆಯದು. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದಲೇ 'ರೋಬೋಟ್' ಎಂಬ ಪದ ಜಗತ್ತಿಗೆ ಬಂದದ್ದು. ಆ ಭಾಷೆಯಲ್ಲಿ ಅದರ ಮೂಲಾರ್ಥ ಜಮೀನುದಾರನಿಗೆ ಮಾಡುವ ಬಿಟ್ಟಿ ಚಾಕರಿ. ನಾಟಕದಲ್ಲಿ ಕಾರ್ಖಾನೆಯವರು ಅಗ್ಗದ ಕೂಲಿಗಾಗಿ ಮನುಷ್ಯರಂಥವರನ್ನು ತಯಾರಿಸುತ್ತಾರೆ, ಕೆಲಸಕ್ಕೆ ಬೇಡದ್ದೆಂದು ಆತ್ಮವನ್ನು ಕೈಬಿಡುತ್ತಾರೆ. ಬಿಟ್ಟಿ ಎಂದರೇನೆಂದು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ರೂಹ್ ಇಲ್ಲದ ಪಾತ್ರಕ್ಕೆ ರೂಹ್ ಇದೆಯೆಂದು ಭ್ರಮಿಸುವುದು ಒಂದು ತಪ್ಪಾದರೆ, ರೂಹ್ ಇರುವ ಜೀವಂತ ಮನುಷ್ಯರನ್ನು ಬರಹದಲ್ಲಿ ಆತ್ಮವಿಲ್ಲದ ಪಾತ್ರಗಳನ್ನಾಗಿ ಮಾಡುವುದು ಅದಕ್ಕಿಂತ ಕೆಟ್ಟದ್ದು. ಮುಸ್ಲಿಮರು ಸ್ತ್ರೀಯರಿಗೆ ಆತ್ಮವಿಲ್ಲವೆಂದು ನಂಬುತ್ತಾರೆ ಎಂಬ ಕಟ್ಟುಕಥೆ ಯುರೋಪಿನಲ್ಲಿ ಶತಮಾನಗಳ ಕಾಲ ಓಡಾಡಿತು. ಸ್ತ್ರೀಯರ ಹಕ್ಕುಗಳಿಗಾಗಿ 1792ರಲ್ಲಿ ಧೀರ ಗ್ರಂಥ ಬರೆದ ಮೇರಿ ವೊಲ್‌ಸ್ಟನ್‌ಕ್ರಾಫ್ಟ್ ಕೂಡ ಅದನ್ನು ನಿಜವೆಂಬಂತೆಯೇ ಬಳಸಿದರು. ಮನುಷ್ಯನ ಕೈಯಿಂದಾದ ಜೀವಿಯ ಅತಿ ಪ್ರಸಿದ್ಧ ಕಥೆಯಾದ 'ಫ್ರಾಂಕೆನ್‌ಸ್ಟೈನ್' ಅನ್ನು 1818ರಲ್ಲಿ ಪ್ರಕಟಿಸಿದ ಮೇರಿ ಶೆಲ್ಲಿ ಅವರ ಮಗಳು. ಆ ಕಾದಂಬರಿಯಲ್ಲೂ ಸಫೀ ಎಂಬ ತರುಣಿಯ ಪ್ರಸಂಗದಲ್ಲಿ ಇಸ್ಲಾಮ್ ಸ್ತ್ರೀಯರ ಬುದ್ಧಿಗೆ ಬೇಲಿ ಹಾಕಿದೆಯೆಂಬ ಅದೇ ಭಾವನೆ ಇಣುಕುತ್ತದೆ. ಇವರಿಬ್ಬರಿಗಿಂತ ಮುಂಚೆಯೇ ತುರ್ಕಿಯಲ್ಲಿ ವಾಸಿಸಿ ಅಲ್ಲಿನ ಸ್ತ್ರೀಯರನ್ನು ಕಣ್ಣಾರೆ ಕಂಡಿದ್ದ ಲೇಡಿ ಮೇರಿ ಮಾಂಟಗು ಈ ನಂಬಿಕೆ ತಪ್ಪೆಂದು ತಮ್ಮ ಪತ್ರಗಳಲ್ಲಿ ಬರೆದಿದ್ದರು. ಸತ್ಕರ್ಮ ಮಾಡಿದ ವಿಶ್ವಾಸಿಯು ಪುರುಷನಿರಲಿ ಸ್ತ್ರೀಯಿರಲಿ ಪ್ರತಿಫಲ ಸಮಾನವೆಂದು ಕುರ್‌ಆನ್ ಮತ್ತೆ ಮತ್ತೆ ಸಾರಿದ್ದನ್ನು ತೆರೆದು ನೋಡುವ ತಾಳ್ಮೆ ಇದ್ದವರು ಅಂದೂ ಕಡಿಮೆ, ಇಂದೂ ಕಡಿಮೆ. ನಮ್ಮ ಸಿನಿಮಾಗಳಲ್ಲಿ ಗಡ್ಡ ಟೋಪಿ ತೊಟ್ಟು ಒಂದೇ ಸಾಲಿನ ಮಾತಾಡಿ ಸಾಯುವ ಪಾತ್ರಗಳನ್ನು ಕಂಡಾಗ ಈ ಹಳೆಯ ಕಥೆ ನೆನಪಾಗುತ್ತದೆ. ಅಲ್ಲಿಯೂ ಪಾತ್ರದ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಬರೆದವನನ್ನು ಕೇಳಬೇಕು.

ಇನ್ನು ಮನೆಯ ಮಾತು. ಮೊಬೈಲನ್ನು ಕಸಿದುಕೊಳ್ಳಿ ಎಂಬ ಸಲಹೆ ಸುಲಭ, ಕೆಲವು ಮನೆಗಳಲ್ಲಿ ಅದು ಅಗತ್ಯವೂ ಆದೀತು. ಆದರೆ ಮಗು ಆ ಪಾತ್ರಕ್ಕೆ ಹೇಳಿಕೊಂಡದ್ದೇನು ಎಂದು ತಿಳಿಯದೆ ಕಸಿದುಕೊಂಡರೆ, ಅದರ ದುಃಖ ಮಗುವಿನೊಳಗೇ ಉಳಿಯುತ್ತದೆ. ಶಾಲೆಯಲ್ಲಿ ಯಾರೋ ಹೀಯಾಳಿಸಿದ್ದು, ಲೆಕ್ಕ ತಲೆಗೆ ಹತ್ತದ್ದು, ಅಬ್ಬಾನ ಸಾಲದ ಮಾತು ಗೋಡೆಯಾಚೆಯಿಂದ ಕಿವಿಗೆ ಬಿದ್ದದ್ದು, ಇವನ್ನೆಲ್ಲ ಅದು ರೂಹ್ ಇರುವವರ ಮುಂದೆ ಹೇಳಲು ಅಂಜಿತು. ರೂಹ್ ಇಲ್ಲದ್ದರ ಮುಂದೆ ಅಂಜಿಕೆ ಇರಲಿಲ್ಲ. ನಾವು ಗದರುತ್ತೇವೆ, ಅದು ಗದರುವುದಿಲ್ಲ. ನಮಗೆ ಪುರುಸೊತ್ತಿಲ್ಲ, ಅದಕ್ಕೆ ಬೇರೆ ಕೆಲಸವಿಲ್ಲ. ಈ ಸ್ಪರ್ಧೆಯಲ್ಲಿ ತಾಳ್ಮೆಯ ಮಟ್ಟಿಗೆ ನಾವು ಗೆಲ್ಲಲಾರೆವು, ನಮಗೆ ದಣಿವಿದೆ. ಆದರೆ ಆ ದಣಿವೇ ಮಗುವಿಗೆ ತೋರಿಸಬೇಕಾದ ಗುರುತು. ದಾದಿ ಮೊಣಕಾಲು ನೋವಿನಲ್ಲೂ ಎದ್ದು ಬಂದು ತಲೆ ಸವರಿದ್ದರಲ್ಲಿ ಏನೋ ಖರ್ಚಾಗಿದೆ. ಯಂತ್ರದ ಮಾತಿನಲ್ಲಿ ಹಾಗೆ ಖರ್ಚಾದದ್ದು ಏನೂ ಇಲ್ಲ.

ಆದುದರಿಂದ 'ಅದಕ್ಕೆ ರೂಹ್ ಇದೆಯೇ' ಎಂದು ಕೇಳಿದ ಮಗುವಿಗೆ ನೇರವಾಗಿಯೇ ಹೇಳಬಹುದು: ರೂಹ್ ಎಂಬುದು ನಮ್ಮ ಪ್ರಭುವಿನ ಆಜ್ಞೆಗೆ ಸೇರಿದ್ದು, ಅದರ ಬಗ್ಗೆ ನಮಗೆ ಕೊಡಲಾಗಿರುವ ಅರಿವು ಸ್ವಲ್ಪವೇ, ಆದರೆ ನಾಳೆ ಅಲ್ಲಾಹನ ಮುಂದೆ ನಿಂತು, ನಿನಗೆ ಹೀಗೇಕೆ ಹೇಳಿದೆ ಎಂಬ ಪ್ರಶ್ನೆಗೆ ಅದು ಉತ್ತರಿಸಬೇಕಾಗಿಲ್ಲ, ಅಮ್ಮಿ ಉತ್ತರಿಸಬೇಕು, ಅದನ್ನು ಮಾಡಿದವರೂ ಉತ್ತರಿಸಬೇಕು. ಮಗು ಇದನ್ನು ನಾವೆಣಿಸುವುದಕ್ಕಿಂತ ಬೇಗ ಗ್ರಹಿಸುತ್ತದೆ. ಮುಂದೆ ಪ್ರತಿ ಪಾತ್ರವನ್ನು ಕಂಡಾಗಲೂ ಇದರ ಕಡ್ಡಿ ಯಾರ ಕೈಯಲ್ಲಿದೆ ಎಂದು ಕೇಳಲು ಅದಕ್ಕೆ ಅಭ್ಯಾಸವಾದರೆ, ಒಳ್ಳೆಯ ಕಥೆಗಳನ್ನು ಅದು ಭಯವಿಲ್ಲದೆ ಓದೀತು.

ಮದ್ರಸಾಗಳ ಉಸ್ತಾದರಲ್ಲಿಯೂ ಒಂದು ಕೋರಿಕೆ. ಸಾಮಿರಿಯ ಕಥೆಯನ್ನು ಕಲಿಸುವಾಗ ಕರುವಿನ ಬಳಿಗೇ ನಿಲ್ಲಿಸದೆ, ಮೂಸಾ(ಅ) ಯಾರನ್ನು ಯಾವ ಕ್ರಮದಲ್ಲಿ ಪ್ರಶ್ನಿಸಿದರೆಂಬುದನ್ನೂ ಮಕ್ಕಳಿಂದ ಹೇಳಿಸಬೇಕು. ತಂದೆ ತಾಯಂದಿರಾದ ನಾವು ಆ ಕಥೆಯಲ್ಲಿ ನಿಂತಿರುವ ಜಾಗ ಹಾರೂನ್(ಅ)ರದು: ಬೆಟ್ಟಕ್ಕೆ ಹೋಗದೆ ಮನೆಯಲ್ಲಿ, ಜನರ ನಡುವೆ ಉಳಿದವರ ಜಾಗ. ಅವರ ಬಳಿ ಉತ್ತರವಿತ್ತು. ಮೂಸಾ(ಅ) ಮರಳುವ ಮೊದಲೇ ಅವರು ಜನರನ್ನು ಕರೆದು, ಇದರಿಂದ ನೀವು ಪರೀಕ್ಷೆಗೊಳಗಾಗಿದ್ದೀರಿ ಎಂದು ಎಚ್ಚರಿಸಿದ್ದರು. ಇಶಾ ನಮಾಝಿನ ಬಳಿಕ, ಮಗು ಹೊದಿಕೆಯೊಳಗೆ ಸೇರುವ ಮೊದಲು, ಕಾಲು ಗಂಟೆ ಅದರ ಪಕ್ಕದಲ್ಲಿ ಕುಳಿತು 'ನಿನ್ನ ವೀರ ಇವತ್ತು ಏನೆಂದ, ನನಗೂ ತೋರಿಸು' ಎಂದು ಕೇಳುವುದರಿಂದ ನಮ್ಮ ಮನೆಗಳಲ್ಲಿ ಇದನ್ನು ಆರಂಭಿಸಬಹುದು.